ಹಾರಂಗಿ ಹಿನ್ನೀರಿನ ದಡದಲ್ಲಿ ಕ್ಯಾರವಾನ್: ಗಾಡಿ ಹಿಡಿಸಿತು, ಆದರೆ ಮೊದಲು ಜಾಗ ನೋಡಿ

ಕ್ಯಾರವಾನ್ ಬಾಡಿಗೆಗೆ ಹಿಡಿದು ಕೊಡಗಿನಲ್ಲಿ ನೀರಿನ ಪಕ್ಕ ರಾತ್ರಿ ಕಳೆಯಬೇಕೆಂಬ ಆಸೆ ಇರುವವರಿಗೆ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಗಾಡಿ ಚೆನ್ನಾಗಿತ್ತು, ಕೊಟ್ಟ ದುಡ್ಡು ದಂಡವಾಗಲಿಲ್ಲ. ಆದರೆ ಪ್ರವಾಸ ಸುಸೂತ್ರವಾಗಿ ನಡೆದದ್ದು ಗಾಡಿಯಿಂದಲ್ಲ, ಅದನ್ನು ನಿಲ್ಲಿಸಿದ ಜಾಗದಿಂದ. ಬಾಡಿಗೆ ಕಂಪನಿಯವರು ಮೆತ್ತನೆಯ ಹಾಸಿಗೆ, ಟಿ.ವಿ., ಫ್ರಿಜ್ ಎಂದು ಫೋಟೊ ಕಳಿಸುತ್ತಾರೆ. ಎಲ್ಲಿ ನಿಲ್ಲಿಸುತ್ತೀರಿ, ಅಲ್ಲಿ ಕರೆಂಟು ಹೇಗಿದೆ, ನೀರು ಎಲ್ಲಿಂದ, ಕೊಳಕು ಎಲ್ಲಿಗೆ ಎಂದು ಯಾರೂ ಕೇಳುವುದಿಲ್ಲ. ಅದನ್ನು ನಾವೇ ಕೇಳಿಕೊಳ್ಳಬೇಕು.

ನಾನು ಕುಶಾಲನಗರದಲ್ಲಿ ಮನೆ ವೈರಿಂಗ್ ಕೆಲಸ ಮಾಡುವವನು. ಬೆಂಗಳೂರಿನಿಂದ ಅಕ್ಕ, ಭಾವ, ಮಕ್ಕಳು ಡಿಸೆಂಬರ್ ರಜೆಗೆ ಬರುವವರಿದ್ದರು. ಅಮ್ಮನಿಗೆ ಮಂಡಿನೋವು, ಟೆಂಟಿನಲ್ಲಿ ನೆಲಕ್ಕೆ ಕೂರಲಾಗದು, ರಾತ್ರಿ ಎದ್ದು ದೂರದ ಶೌಚಾಲಯಕ್ಕೆ ನಡೆಯಲಾಗದು. ಹಾಗಾಗಿ ಹಾಸಿಗೆಯಿಂದ ನಾಲ್ಕು ಹೆಜ್ಜೆಗೆ ಶೌಚ ಸಿಗುವ ಕ್ಯಾರವಾನ್ ನಮಗೆ ಶೋಕಿಯಾಗಿರಲಿಲ್ಲ. ಮೈಸೂರಿನಲ್ಲಿ ಗಾಡಿ ಸಿಕ್ಕಿತು: ಫೋರ್ಸ್ ಟ್ರಾವೆಲರ್ ಮೇಲೆ ಕಟ್ಟಿದ್ದು, ನಾಲ್ಕು ಜನ ಮಲಗಬಹುದು. ದಿನಕ್ಕೆ ಹದಿಮೂರು ಸಾವಿರ ರೂಪಾಯಿ, ಚಾಲಕನ ಭತ್ಯೆ ಬೇರೆ.

ಜಾಗದ ವಿಷಯ ಮೊದಲು. ಹಾರಂಗಿ ಅಣೆಕಟ್ಟೆ ಕುಶಾಲನಗರದಿಂದ ಸುಮಾರು 9 ಕಿ.ಮೀ., ಹುದುಗೂರಿನಲ್ಲಿದೆ. ಹಗಲಲ್ಲಿ ಅಣೆಕಟ್ಟೆಯ ಉದ್ಯಾನ ನೋಡಿ ಬರಬಹುದೇ ಹೊರತು ಅದರ ಆವರಣದಲ್ಲಿ ಗಾಡಿ ನಿಲ್ಲಿಸಿ ರಾತ್ರಿ ಕಳೆಯುವ ಮಾತೇ ಇಲ್ಲ. ಮೀಸಲು ಅರಣ್ಯದ ಅಂಚೂ ಬೇಡ. ಉಳಿಯುವುದು ಹಿನ್ನೀರಿಗೆ ಮುಖ ಮಾಡಿರುವ ಖಾಸಗಿ ತೋಟಗಳು. ಪರಿಚಯದ ಒಬ್ಬರು ತಮ್ಮ ಕಾಫಿ ತೋಟದ ಕೆಳಗಿನ ಬಯಲಿನಲ್ಲಿ ಟೆಂಟ್ ಹಾಕುವವರಿಗೆ ಜಾಗ ಕೊಡುತ್ತಾರೆ. ಮುಂಗಡ ಕೊಡುವ ಮೊದಲು ಸ್ಕೂಟರಿನಲ್ಲಿ ಹೋಗಿ ಅಳತೆ ಟೇಪು ಹಿಡಿದು ನೋಡಿ ಬಂದೆ.

ನೋಡಿದ್ದು ಒಳ್ಳೆಯದೇ ಆಯಿತು. ಚಾವಣಿಯ ಮೇಲಿನ ಎ.ಸಿ. ಪೆಟ್ಟಿಗೆ ಸೇರಿ ಈ ಗಾಡಿ ಹತ್ತು ಅಡಿ ಎತ್ತರ. ತೋಟದ ದಾರಿಯಲ್ಲಿ ಕೂಲಿಯವರ ಲೈನ್ ಮನೆಗಳಿಗೆ ಎಳೆದ ಕರೆಂಟಿನ ಸರ್ವಿಸ್ ವೈರ್ ಒಂದು ಕಡೆ ಜೋತು ಬಿದ್ದಿತ್ತು. ಜೀಪು, ಪಿಕಪ್‌ಗಳಿಗೆ ಅದು ಅಡ್ಡ ಬರುವುದಿಲ್ಲ, ಆದ್ದರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಕ್ಯಾರವಾನ್ ಬಂದಿದ್ದರೆ ಎ.ಸಿ. ಪೆಟ್ಟಿಗೆ ನೇರ ಅದಕ್ಕೇ ಸಿಕ್ಕಿಕೊಳ್ಳುತ್ತಿತ್ತು. ತೋಟದವರು ಲೈನ್‌ಮನ್‌ಗೆ ಹೇಳಿ ಎತ್ತರಿಸಿ ಕಟ್ಟಿಸಿದರು. ಸಿಲ್ವರ್ ಮರದ ಎರಡು ಕೊಂಬೆಗಳನ್ನೂ ತೆಗೆಸಿದರು. ಕೊಡಗಿನ ಯಾವ ತೋಟಕ್ಕೆ ಹೋಗುವುದಿದ್ದರೂ ನಿಮ್ಮ ಗಾಡಿಯ ಎತ್ತರವನ್ನು ಅಡಿ ಲೆಕ್ಕದಲ್ಲಿ ಹೇಳಿ. ‘ವ್ಯಾನ್ ಬರುತ್ತದಾ?’ ಎಂದು ಕೇಳಿದರೆ ಎಲ್ಲರೂ ‘ಬರುತ್ತದೆ’ ಎಂದೇ ಹೇಳುತ್ತಾರೆ.

ನೆಲದ ವಿಷಯ ಇನ್ನೂ ಮುಖ್ಯ. ನೀರಿನ ಅಂಚಿಗೇ ಗಾಡಿ ಒಯ್ಯಬೇಕೆಂದು ಮಕ್ಕಳು ಹಟ ಹಿಡಿದರು. 2018ರ ಆಗಸ್ಟ್‌ನಲ್ಲಿ ನಮ್ಮ ಗುಡ್ಡಗಳು ಕುಸಿದಾಗ ಆ ಮಣ್ಣು ಹೊಳೆ ಹಿಡಿದು ಹಾರಂಗಿಗೂ ಬಂದು ಸೇರಿತು. ನೀರು ಹಿಂದೆ ಸರಿದ ಜಾಗದಲ್ಲಿ ಹೂಳು ಮೇಲೆ ಒಣಗಿ ಬಿರುಕು ಬಿಟ್ಟಿರುತ್ತದೆ, ಗಟ್ಟಿ ನೆಲದಂತೆಯೇ ಕಾಣುತ್ತದೆ. ಕೋಲು ಚುಚ್ಚಿದರೆ ಮೊಣಕೈವರೆಗೆ ಇಳಿಯುತ್ತದೆ. ಮೂರು ಟನ್ನಿಗೂ ಮಿಕ್ಕಿದ ಗಾಡಿ ಅಲ್ಲಿ ಕೂತರೆ ಟ್ರ್ಯಾಕ್ಟರ್ ಬಂದರೂ ಎಳೆಯುವುದು ಕಷ್ಟ. ನಾವು ಹುಲ್ಲು ಬೆಳೆದ ಹಳೆಯ ಕಣದಲ್ಲೇ ನಿಲ್ಲಿಸಿದೆವು. ಅಡುಗೆ ಕಟ್ಟೆಯ ಮೇಲೆ ರಸಮಟ್ಟ ಇಟ್ಟು, ಗುಳ್ಳೆ ನಡುವಿಗೆ ಬರುವವರೆಗೆ ಎಡ ಚಕ್ರಗಳ ಕೆಳಗೆ ಹಲಗೆ ಕೊಟ್ಟೆವು. ಗಾಡಿ ಓರೆಯಾಗಿ ನಿಂತರೆ ಸಿಂಕಿನ ನೀರು ಸರಿಯಾಗಿ ಇಳಿಯುವುದಿಲ್ಲ, ಮಲಗಿದವರು ರಾತ್ರಿಯೆಲ್ಲ ಒಂದೇ ಬದಿಗೆ ಜಾರುತ್ತಾರೆ. ಕಂಪನಿಯವರು ಈ ಹಲಗೆ ಕೊಡುವುದಿಲ್ಲ. ಮರದ ಮಿಲ್ಲಿನಿಂದ ನಾವೇ ತಂದೆವು.

ಈಗ ಕರೆಂಟು. ‘ಎ.ಸಿ. ರಾತ್ರಿಯಿಡೀ ಓಡುತ್ತದೆ’ ಎಂದು ಫೋನಿನಲ್ಲಿ ಹೇಳಿದ್ದರು. ಬ್ಯಾಟರಿ ಪೆಟ್ಟಿಗೆ ತೆಗೆದು ನೋಡಿದೆ: 12 ವೋಲ್ಟ್, 200 ಆಂಪಿಯರ್-ಅವರ್. ಎರಡನ್ನೂ ಗುಣಿಸಿದರೆ 2400 ವ್ಯಾಟ್-ಅವರ್, ಅಂದರೆ 2.4 ಯೂನಿಟ್. ಪೂರ್ತಿ ಬರಿದು ಮಾಡುವಂತಿಲ್ಲ, ಬಳಕೆಗೆ ಸಿಗುವುದು ಹೆಚ್ಚೆಂದರೆ ಎರಡು ಯೂನಿಟ್ ಎಂದಿಟ್ಟುಕೊಳ್ಳಿ. ಒಂದು ಟನ್ನಿನ ಎ.ಸಿ. ಗಂಟೆಗೆ ಸುಮಾರು ಒಂದು ಯೂನಿಟ್ ಎಳೆಯುತ್ತದೆ. ಹೊರಗಿನ ಕರೆಂಟು ಇಲ್ಲದಿದ್ದರೆ ಎರಡು ಗಂಟೆಯಲ್ಲಿ ಎಲ್ಲ ಮುಗಿಯುತ್ತದೆ, ಫ್ರಿಜ್ಜೂ ನೀರಿನ ಪಂಪೂ ನಿಲ್ಲುತ್ತವೆ. ಇಂಡಕ್ಷನ್ ಒಲೆಯೂ ಅಷ್ಟೇ, ಬ್ಯಾಟರಿಯ ಮೇಲೆ ಅದನ್ನು ಹಚ್ಚಲೇಬೇಡಿ. ಡಿಸೆಂಬರಿನ ಕೊಡಗಿನಲ್ಲಿ ಎ.ಸಿ. ಯಾರಿಗೂ ಬೇಕಾಗುವುದಿಲ್ಲ, ಕಂಬಳಿ ಸಾಕು. ಆದರೆ ಕಂಪನಿಯವರ ಆ ಮಾತು ನಂಬಿ ಏಪ್ರಿಲ್‌ನಲ್ಲಿ ಬರುವವರು ಜಾಗದಲ್ಲಿ 16 ಆಂಪಿಯರ್ ಸಾಕೆಟ್ ಇದೆಯೇ ಎಂದು ಕೇಳಿಯೇ ಬರಬೇಕು.

ಸಾಕೆಟ್ ಇದ್ದರೆ ಸಾಲದು, ಅರ್ಥಿಂಗ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕಿಳಿಸುವ ತಂತಿ, ಇರಬೇಕು. ತೋಟದ ಪಂಪ್‌ಹೌಸಿನ ಸಾಕೆಟ್‌ಗೆ ಮೀಟರ್ ಹಿಡಿದೆ. ಫೇಸ್–ನ್ಯೂಟ್ರಲ್ ನಡುವೆ 212 ವೋಲ್ಟ್ ಬಂತು. ಫೇಸ್–ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ ಬರಬೇಕು, ಬಂದದ್ದು 90. ಸರಿಯಾದ ಅರ್ಥಿಂಗ್ ಇಲ್ಲ ಎಂಬುದಕ್ಕೆ ಅಷ್ಟು ಸಾಕು. ಕ್ಯಾರವಾನಿನ ಮೈಯೆಲ್ಲ ತಗಡು, ಕೆಳಗೆ ರಬ್ಬರ್ ಚಕ್ರ. ಒಳಗೆಲ್ಲಾದರೂ ಕರೆಂಟು ಸೋರಿದರೆ ಅದು ನೆಲಕ್ಕಿಳಿಯದೆ ಇಡೀ ಗಾಡಿಯ ತಗಡಿನಲ್ಲೇ ಉಳಿಯುತ್ತದೆ. ಇಬ್ಬನಿಯಲ್ಲಿ ಬರಿಗಾಲಲ್ಲಿ ನಿಂತ ಮಗು ಬಾಗಿಲಿನ ಹಿಡಿ ಮುಟ್ಟಿದರೆ ಏನಾಗಬಹುದೆಂದು ನೆನೆಸಿಕೊಂಡರೇ ಎದೆ ನಡುಗುತ್ತದೆ. ಅರ್ಥ್ ಗುಂಡಿಯಲ್ಲಿ ತುಕ್ಕು ಹಿಡಿದು ಬಿಟ್ಟುಹೋಗಿದ್ದ ತಂತಿಯನ್ನು ಹೊಸದಾಗಿ ಕಟ್ಟಿ, ನೀರು ಹೊಯ್ದು, ಮತ್ತೆ ಅಳೆದ ಮೇಲೆಯೇ ಗಾಡಿಗೆ ಪ್ಲಗ್ ಕೊಟ್ಟೆ. ಎಲ್ಲರೂ ಮೀಟರ್ ಹಿಡಿದು ಹೊರಡಲಾಗುವುದಿಲ್ಲ, ನಿಜ. ಊರಿನ ಯಾವ ಎಲೆಕ್ಟ್ರಿಷಿಯನ್‌ಗೆ ಹೇಳಿದರೂ ಹತ್ತು ನಿಮಿಷದಲ್ಲಿ ನೋಡಿ ಹೇಳುತ್ತಾನೆ. ಜಾಗದವರನ್ನು ಇದೊಂದನ್ನು ಕೇಳಲು ಸಂಕೋಚಪಡಬೇಡಿ.

ನೀರಿನ ಟ್ಯಾಂಕು ನೂರು ಲೀಟರ್. ಮುಖ ತೊಳೆಯಲು, ಪಾತ್ರೆಗೆ, ಶೌಚಕ್ಕೆ ಸಾಕು, ಸ್ನಾನಕ್ಕೆ ಸಾಲದು. ತೋಟದ ಬಚ್ಚಲಿನಲ್ಲಿ ಹಂಡೆಗೆ ಸೌದೆ ಉರಿ ಹಾಕಿಸಿಕೊಂಡು ಎಲ್ಲರೂ ಅಲ್ಲೇ ಮಿಂದೆವು. ಊಟವೂ ಅವರದೇ ಮನೆಯದು: ಕಡುಂಬುಟ್ಟು, ಕೋಳಿಸಾರು, ಮಕ್ಕಳಿಗೆ ನೂಲ್‌ಪುಟ್ಟು. ಗಾಡಿಯ ಒಲೆಯಲ್ಲಿ ಕಾಫಿ, ಹಾಲು ಬಿಟ್ಟರೆ ಬೇರೇನನ್ನೂ ಕಾಯಿಸಲಿಲ್ಲ.

ರಾತ್ರಿ ಅಮ್ಮ, ಅಕ್ಕ, ಮಕ್ಕಳು ಗಾಡಿಯಲ್ಲಿ. ನಾನು, ಭಾವ ತೋಟದ ಮನೆಯ ಜಗಲಿಯಲ್ಲಿ. ಹಿನ್ನೀರಿನ ಆಚೆ ದಡದಿಂದ ಆನೆ ನೀರಿಗಿಳಿಯುವುದು ಇಲ್ಲಿ ಹೊಸತಲ್ಲ. ಸೋಲಾರ್ ಬೇಲಿ ಇದ್ದರೂ ಕತ್ತಲಾದ ಮೇಲೆ ಯಾರೂ ಹೊರಗೆ ಅಡ್ಡಾಡಬಾರದು, ಬಾಳೆಹಣ್ಣು, ಬೆಲ್ಲದಂಥವನ್ನು ಗಾಡಿಯ ಹೊರಗಿಡಬಾರದು ಎಂದು ತೋಟದವರು ಕಟ್ಟುನಿಟ್ಟಾಗಿ ಹೇಳಿದ್ದರು. ಗಾಡಿಯೊಳಗಿನ ಶೌಚದ ನಿಜವಾದ ಬೆಲೆ ಗೊತ್ತಾದದ್ದು ಆಗಲೇ. ‘ನಿನ್ನನ್ನು ಎಬ್ಬಿಸದೆ ಎದ್ದು ಬಂದೆನಪ್ಪಾ’ ಎಂದು ಅಮ್ಮ ಬೆಳಿಗ್ಗೆ ಹೇಳಿದಾಗ ಹದಿಮೂರು ಸಾವಿರ ಹೆಚ್ಚಾಯಿತು ಎನಿಸಲಿಲ್ಲ. ಅದೇ ದುಡ್ಡಿಗೆ ಒಳ್ಳೆಯ ಹೋಂಸ್ಟೇಯಲ್ಲಿ ಎರಡು ಕೋಣೆ ಸಿಗುತ್ತವೆ. ವಯಸ್ಸಾದವರಿಲ್ಲದ ಮನೆಯವರಿಗೆ ನಾನು ಹೋಂಸ್ಟೇಯನ್ನೇ ಹೇಳುತ್ತೇನೆ.

ನನ್ನ ದೊಡ್ಡ ಆಕ್ಷೇಪ ಆ ಶೌಚದ ತೊಟ್ಟಿಯ ಬಗ್ಗೆಯೇ. ಸೀಟಿನ ಕೆಳಗೆ ಸುಮಾರು ಇಪ್ಪತ್ತು ಲೀಟರಿನ ಪೆಟ್ಟಿಗೆ ಇರುತ್ತದೆ, ಹೊರಗಿನಿಂದ ಎಳೆದು ತೆಗೆಯಬೇಕು. ಎರಡನೆಯ ಬೆಳಿಗ್ಗೆ ಅದು ತುಂಬಿತು. ಚಾಲಕ ಒಳ್ಳೆಯ ಹುಡುಗ, ಗಾಡಿಯನ್ನು ಹೂವಿನಂತೆ ಓಡಿಸುತ್ತಾನೆ. ಆದರೆ ಪೆಟ್ಟಿಗೆ ಹಿಡಿದು, ‘ಅಣ್ಣಾ, ಆ ಕಡೆ ನೀರಿಗೆ ಸುರಿದು ಬರಲೇ?’ ಎಂದು ಕೇಳಿದ. ಎಲ್ಲ ಕಡೆ ಹೀಗೆಯೇ ಮಾಡುತ್ತೇವೆ ಎಂದ. ಅವನಿಗೆ ಯಾರೂ ಬೇರೆ ರೀತಿ ಹೇಳಿಕೊಟ್ಟಿಲ್ಲ.

ಹಾರಂಗಿ ಕೂಡಿಗೆಯಲ್ಲಿ ಕಾವೇರಿಗೆ ಸೇರುತ್ತದೆ, ಅಲ್ಲಿಂದ ಕನ್ನಂಬಾಡಿಗೆ. ಇದರ ನಾಲೆ ಪಿರಿಯಾಪಟ್ಟಣ, ಹುಣಸೂರು ಕಡೆಯ ಗದ್ದೆಗಳಿಗೆ ನೀರುಣಿಸುತ್ತದೆ. ಅಕ್ಕನ ಮನೆಯ ನಲ್ಲಿಯಲ್ಲಿ ಬರುವುದೂ ಕಾವೇರಿಯೇ. ತೋಟದವರು ದಡದಿಂದ ಸಾಕಷ್ಟು ಮೇಲಿರುವ ತಮ್ಮ ಸೆಪ್ಟಿಕ್ ಟ್ಯಾಂಕಿನ ಮುಚ್ಚಳ ತೆಗೆದುಕೊಟ್ಟರು, ಅಲ್ಲಿಗೆ ಸುರಿದೆವು. ಅದಕ್ಕೂ ಒಂದು ತೊಡಕಿದೆ. ಪೆಟ್ಟಿಗೆಗೆ ಹಾಕುವ ನೀಲಿ ದ್ರವಗಳಲ್ಲಿ ಕೆಲವು ವಾಸನೆ ತಡೆಯಲು ಸೂಕ್ಷ್ಮಜೀವಿಗಳನ್ನೇ ಕೊಲ್ಲುತ್ತವೆ. ಸೆಪ್ಟಿಕ್ ಟ್ಯಾಂಕು ಕೆಲಸ ಮಾಡುವುದೇ ಆ ಜೀವಿಗಳಿಂದ. ಸೆಪ್ಟಿಕ್ ಟ್ಯಾಂಕಿಗೆ ತೊಂದರೆ ಕೊಡದ ದ್ರವವೂ ಸಿಗುತ್ತದೆ. ಬುಕ್ ಮಾಡುವಾಗಲೇ ಅದನ್ನೇ ಹಾಕಿಸಿ, ಜಾಗದವರು ಸುರಿಯಲು ಬಿಡುತ್ತಾರೆಯೇ ಎಂದೂ ಕೇಳಿಟ್ಟುಕೊಳ್ಳಿ.

ಸುತ್ತಾಟಕ್ಕೆ ಈ ಗಾಡಿ ಬೇಡ. ಕಾವೇರಿ ನಿಸರ್ಗಧಾಮ, ದುಬಾರೆಗೆ ನನ್ನ ತಮ್ಮನ ಕಾರಿನಲ್ಲಿ ಹೋಗಿ ಬಂದೆವು. ಆನೆಕಾಡು ದಾಟಿ ಮಡಿಕೇರಿಯ ತಿರುವುಗಳನ್ನು ಹತ್ತಿಸಿ, ರಾಜಾಸೀಟ್ ಬಳಿ ಪಾರ್ಕಿಂಗ್ ಹುಡುಕುವುದು ಚಾಲಕನಿಗೂ ಹಿಂಸೆ. ಕಾಲದ ವಿಷಯಕ್ಕೆ ಬಂದರೆ ಅಕ್ಟೋಬರ್ ಕೊನೆಯಿಂದ ಜನವರಿವರೆಗೆ ಬನ್ನಿ. ಮಳೆಗಾಲದಲ್ಲಿ ತೋಟದ ದಾರಿ ಕೆಸರು, ಬೇಸಿಗೆಯಲ್ಲಿ 8.5 ಟಿ.ಎಂ.ಸಿ.ಯ ಜಲಾಶಯ ಇಳಿದು ನೀರು ದೂರ ಸರಿದಿರುತ್ತದೆ. ಎಂದು ಬಂದರೂ ಮಕ್ಕಳನ್ನು ನೀರಿಗೆ ಇಳಿಸಬೇಡಿ. ಆ ಹೂಳು ಕಾಲು ಹಿಡಿದರೆ ಈಜು ಬಂದವರಿಗೂ ಬಿಡಿಸಿಕೊಳ್ಳುವುದು ಕಷ್ಟ.

ಗಾಡಿ ಹಿಂದಿರುಗಿಸಿದ ದಿನ ಕಂಪನಿಯವರಿಗೆ ಇಷ್ಟನ್ನೂ ಬರೆದು ಕಳಿಸಿದೆ. ಚಕ್ರದ ಹಲಗೆ ಕೊಡಿ, ಎ.ಸಿ. ಬಗ್ಗೆ ನಿಜ ಹೇಳಿ, ಶೌಚದ ಪೆಟ್ಟಿಗೆಯನ್ನು ಎಲ್ಲಿ ಖಾಲಿ ಮಾಡಬೇಕು, ಎಲ್ಲಿ ಮಾಡಬಾರದು ಎಂದು ಕನ್ನಡದಲ್ಲಿ ಅಚ್ಚು ಹಾಕಿಸಿ ಬಾಗಿಲ ಮೇಲೆ ಅಂಟಿಸಿ, ಚಾಲಕರಿಗೂ ಕಲಿಸಿ ಎಂದು ಕೇಳಿದ್ದೇನೆ. ನೋಡುತ್ತೇವೆ ಎಂದಿದ್ದಾರೆ. ಅಂಟಿಸಿದ ಫೋಟೊ ಕಳಿಸಿದರೆ ಮುಂದಿನ ಡಿಸೆಂಬರಿಗೂ ಅವರಲ್ಲೇ ಬುಕ್ ಮಾಡುತ್ತೇನೆ, ಇಲ್ಲದಿದ್ದರೆ ಬೇರೆಯವರನ್ನು ನೋಡುತ್ತೇನೆ.