ಫಳಫಳ ಬಣ್ಣ ಹೊಡೆದ ಹಳೇ ಬೆಂಚ್ ವೈಸ್: ದುಡ್ಡು ಕೊಡುವ ಮುಂಚೆ ಓದಿ

ಹಳೇ ಬೆಂಚ್ ವೈಸ್ (ಕೆಲಸದ ಬೆಂಚಿಗೆ ಬಿಗಿದು, ಎರಡು ದವಡೆಯ ನಡುವೆ ಸಾಮಾನು ಕಚ್ಚಿ ಹಿಡಿಯುವ ಸಾಧನ) ಹುಡುಕುತ್ತಿರುವವರಿಗೆ ಮೊದಲೇ ಹೇಳಿಬಿಡುತ್ತೇವೆ: ತುಕ್ಕು ಹಿಡಿದದ್ದು ಸಿಕ್ಕರೆ ಧೈರ್ಯವಾಗಿ ಹತ್ತಿರ ಹೋಗಿ, ಹೊಸ ಬಣ್ಣ ಹೊಡೆದದ್ದು ಸಿಕ್ಕರೆ ಎರಡು ಸಲ ಯೋಚಿಸಿ. ತುಕ್ಕು ಏನನ್ನೂ ಮುಚ್ಚಿಡುವುದಿಲ್ಲ. ಬಣ್ಣದ ಕೆಳಗೆ ಏನು ಬೇಕಾದರೂ ಇರಬಹುದು.

ಈ ಬರಹಕ್ಕೆ ಕಾರಣ 'ಪೂರ್ತಿ ರಿಸ್ಟೋರ್ ಮಾಡಿದ್ದು' ಎಂದು ಮಾರಾಟವಾದ ಒಂದು ರೆಕಾರ್ಡ್ ನಂಬರ್ 5. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಸಿ. ಆಂಡ್ ಜೆ. ಹ್ಯಾಂಪ್ಟನ್ ಕಂಪನಿ ತಯಾರಿಸುತ್ತಿದ್ದ, ಐದಿಂಚು ದವಡೆಯ ವೈಸ್ ಇದು. ಹಳೇ ವರ್ಕ್‌ಶಾಪ್‌ಗಳು ಮುಚ್ಚಿದಾಗ ಗುಜರಿಗೆ ಬೀಳುವ ಸಾಮಾನುಗಳಲ್ಲಿ ರೆಕಾರ್ಡ್ ಆಗಾಗ ಕಾಣಿಸುತ್ತದೆ. ಹೆಸರಿಗೆ ಬೆಲೆ ಇರುವುದರಿಂದಲೇ ಮೋಸಕ್ಕೂ ಇದೇ ಹೆಚ್ಚು ಸಿಗುವುದು. ಫೋಟೋದಲ್ಲಿ ನೀಲಿ ಎನಾಮೆಲ್ ಹೊಳೆಯುತ್ತಿತ್ತು, ಉಬ್ಬಕ್ಷರಗಳಿಗೆ ಬಿಳಿ ಬಣ್ಣ ತುಂಬಿತ್ತು, ಹ್ಯಾಂಡಲ್‌ಗೆ ಪಾಲಿಶ್ ಇತ್ತು. ಬೆಂಚಿಗೆ ಬೋಲ್ಟ್ ಹಾಕಿ 25 ಮಿ.ಮೀ. ಚೌಕ ಸರಳು ಕಚ್ಚಿಸಿ ಬಿಗಿದಾಗ, ಪೈಪ್ ಹಾಕಿರಲಿಲ್ಲ, ಬರೀ ಕೈಬಲ, 'ಟಕ್' ಎಂದು ಸದ್ದಾಯಿತು. ಸ್ಥಿರ ದವಡೆಯ ಬುಡದಲ್ಲಿ, ಸ್ಲೈಡ್ (ಚಲಿಸುವ ದವಡೆಯ ಜಾರುದಂಡ) ಒಳಗೆ ಹೋಗುವ ಕಿಂಡಿಯ ಮೂಲೆಯಿಂದ, ಬಣ್ಣದ ಮೇಲೆ ಕೂದಲೆಳೆಯಂಥ ಗೆರೆ ಎದ್ದಿತ್ತು.

ಪೇಂಟ್ ರಿಮೂವರ್ ಹಚ್ಚಿ ಕೆರೆದಾಗ ಬಣ್ಣದಡಿ ಎರಡು ಮಿಲಿಮೀಟರ್ ದಪ್ಪ ಎಪಾಕ್ಸಿ ಪುಟ್ಟಿ, ಅದರಡಿ ಗ್ರೈಂಡರಿನಲ್ಲಿ ಸಪಾಟು ಮಾಡಿದ ವೆಲ್ಡಿಂಗ್. ಅದೂ ಗೇಟು, ಗ್ರಿಲ್ ಮಾಡುವವರು ಬಳಸುವ ಮಾಮೂಲಿ ರಾಡಿನ ವೆಲ್ಡಿಂಗ್. ಹೊಸ ಬಿರುಕು ಹಳೇ ಬಿರುಕಿನ ಮೇಲೆ ಬಂದಿರಲಿಲ್ಲ, ವೆಲ್ಡಿಂಗ್‌ನ ಅಂಚಿನಲ್ಲೇ ಸಮಾನಾಂತರವಾಗಿ ಹೋಗಿತ್ತು. ವೈಸಿನ ದೇಹ ಬೀಡು, ಅಂದರೆ ಎರಕದ ಕಬ್ಬಿಣ. ಬೀಡು ಗೊತ್ತಿರುವವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ಬೀಡಿನಲ್ಲಿ ಇಂಗಾಲದ ಪ್ರಮಾಣ ಶೇ. 2.5ರಿಂದ 4ರವರೆಗೆ ಇರುತ್ತದೆ. ಮೈಲ್ಡ್ ಸ್ಟೀಲ್ ರಾಡಿನಿಂದ ವೆಲ್ಡ್ ಮಾಡಿದರೆ ಆ ಇಂಗಾಲ ಕರಗಿದ ಲೋಹಕ್ಕೆ ಸೇರಿ ಅದನ್ನು ಪೆಡಸು ಮಾಡುತ್ತದೆ. ಸುತ್ತಲಿನ ದಪ್ಪ ತಣ್ಣನೆ ಎರಕ ಶಾಖವನ್ನು ಗಬಕ್ಕನೆ ಎಳೆದುಕೊಳ್ಳುವುದರಿಂದ ಅಂಚಿನ ಪಟ್ಟಿಯೂ ಗಾಜಿನಂತೆ ಬಿರುಸಾಗುತ್ತದೆ. ವೆಲ್ಡ್ ತಣಿಯುತ್ತಾ ಕುಗ್ಗುತ್ತದೆ, ಎಳೆತಕ್ಕೆ ಬಗ್ಗಿ ಉದ್ದವಾಗುವ ಗುಣ ಬೀಡಿಗಿಲ್ಲ. ಹಾಗಾಗಿ ಬಿರುಕು ಅಂಗಡಿಯಿಂದ ಹೊರಡುವ ಮುಂಚೆಯೇ ಹುಟ್ಟಿರುತ್ತದೆ, ಬಿಗಿದಾಗ ಬಾಯಿ ಬಿಡುತ್ತದೆ ಅಷ್ಟೆ.

ಮಾರಿದವರನ್ನು ಕೇಳಿದರೆ 'ನೀವು ಜಾಸ್ತಿ ಬಿಗಿದಿರಿ' ಎಂಬ ಉತ್ತರ. ದುಡ್ಡು ವಾಪಸ್ ಬರಲಿಲ್ಲ. ಹಾಗಾಗಿ ಪರೀಕ್ಷೆಯೆಲ್ಲ ದುಡ್ಡು ಕೈಬಿಡುವ ಮುಂಚೆಯೇ ಆಗಬೇಕು.

ಜೇಬಿನಲ್ಲಿ ಒಂದು ಸಣ್ಣ ಗಟ್ಟಿ ಮ್ಯಾಗ್ನೆಟ್, ನೂರು ಗ್ರಾಂ ಸುತ್ತಿಗೆ, ಟಾರ್ಚ್, ಹಳೇ ಫೈಲ್ ತುಂಡು, ಒಂದು ವೈರ್ ಬ್ರಷ್ ಇದ್ದರೆ ಸಾಕು. ಮ್ಯಾಗ್ನೆಟನ್ನು ದವಡೆಯ ಕುತ್ತಿಗೆ, ಸ್ಲೈಡ್ ಕಿಂಡಿಯ ನಾಲ್ಕು ಮೂಲೆ, ಬೇಸಿನ ಬೋಲ್ಟ್ ಕಿವಿಗಳ ಮೇಲೆ ಎಳೆದುಕೊಂಡು ಹೋಗಿ. ಪುಟ್ಟಿ ಇರುವ ಕಡೆ ಹಿಡಿತ ಸಡಿಲವಾಗುವುದು ಬೆರಳಿಗೆ ತಿಳಿಯುತ್ತದೆ. ಬ್ರೇಜಿಂಗ್ (ಬೀಡನ್ನು ಕರಗಿಸದೆ ಕಂಚಿನಂಥ ಲೋಹ ಕರಗಿಸಿ ಬೆಸೆಯುವುದು) ಮಾಡಿದ್ದರೆ ಅದೇ ಸಡಿಲ ಒಂದು ಕಿರಿದಾದ ಪಟ್ಟಿಯ ಮೇಲೆ ಸಿಗುತ್ತದೆ, ಏಕೆಂದರೆ ಹಿತ್ತಾಳೆ ಬಣ್ಣದ ಆ ಬೆಸುಗೆಯನ್ನು ಮ್ಯಾಗ್ನೆಟ್ ಹಿಡಿಯುವುದಿಲ್ಲ. ಮೈಲ್ಡ್ ಸ್ಟೀಲ್ ವೆಲ್ಡಿಂಗ್ ಮಾತ್ರ ಈ ಪರೀಕ್ಷೆಯಲ್ಲಿ ಸಿಗದು, ಅದನ್ನು ಸದ್ದಿನಿಂದ ಹಿಡಿಯಬೇಕು. ಚಲಿಸುವ ದವಡೆಯನ್ನು ಪೂರ್ತಿ ಹೊರಗೆಳೆದು, ಮರದ ತುಂಡಿನ ಮೇಲಿಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಗಟ್ಟಿ ಎರಕ ಕೊಂಚ ಹೊತ್ತು ಮೊಳಗುತ್ತದೆ, ಬಿರುಕು ಇದ್ದದ್ದು 'ಟಪ್' ಎಂದು ಸತ್ತುಹೋಗುತ್ತದೆ. ಜಾ ಪ್ಲೇಟ್ (ದವಡೆಯ ಮುಖಕ್ಕೆ ಸ್ಕ್ರೂ ಹಾಕಿ ಕೂರಿಸಿದ ಪಟ್ಟಿ) ಅಥವಾ ಬೇಸ್ ಸಡಿಲ ಇದ್ದರೂ ಹೀಗೇ ಸದ್ದು ಸಾಯುವುದರಿಂದ ಅವನ್ನು ಬಿಚ್ಚಿ ತಟ್ಟುವುದು ಒಳ್ಳೆಯದು. ಬಿಚ್ಚಲು ಬಿಡದ ಮಾರಾಟಗಾರನ ಬಳಿ ಮುಂದಿನ ಮಾತೇ ಬೇಡ.

ಅನುಮಾನ ಇನ್ನೂ ಉಳಿದರೆ ಸೀಮೆಎಣ್ಣೆ, ಸೀಮೆಸುಣ್ಣದ ಹಳೇ ಉಪಾಯವಿದೆ. ಬಣ್ಣ ತೆಗೆದ ಜಾಗಕ್ಕೆ ಸೀಮೆಎಣ್ಣೆ ಹಚ್ಚಿ ಹದಿನೈದು ನಿಮಿಷ ಬಿಡಿ, ಪೂರ್ತಿ ಒರೆಸಿ, ಚಾಕ್‌ಪೀಸ್ ಪುಡಿ ಉಜ್ಜಿ. ಬಿರುಕಿನೊಳಗೆ ಇಳಿದ ಎಣ್ಣೆ ಸ್ವಲ್ಪ ಹೊತ್ತಿನಲ್ಲಿ ಪುಡಿಯ ಮೇಲೆ ಒದ್ದೆ ಗೆರೆಯಾಗಿ ಬರುತ್ತದೆ. ಸೀಮೆಎಣ್ಣೆ ಈಗ ಎಲ್ಲಿ ಸಿಗುತ್ತದೆ ಎಂದರೆ, ಡೀಸೆಲ್ ಆದರೂ ನಡೆದೀತು. ವೆಲ್ಡಿಂಗ್ ಸಾಮಾನಿನ ಅಂಗಡಿಯಲ್ಲಿ ಸಿಗುವ ಡೈ ಪೆನೆಟ್ರೆಂಟ್ ಸ್ಪ್ರೇ ಕೆಲಸ ಮಾಡುವುದೂ ಇದೇ ತತ್ವದ ಮೇಲೆ: ಕ್ಲೀನರ್, ಕೆಂಪು ದ್ರವ, ಬಿಳಿ ಡೆವಲಪರ್. ದುಬಾರಿ ವೈಸ್‌ಗೆ ಆ ಖರ್ಚು ಮಾಡಿದರೆ ನಷ್ಟವಿಲ್ಲ.

ಬ್ರೇಜಿಂಗ್ ಆದದ್ದೆಲ್ಲ ಕೆಟ್ಟದ್ದು ಎಂದು ನಾವು ಹೇಳುತ್ತಿಲ್ಲ. ಬಿರುಕಿನ ತುದಿಗಳಲ್ಲಿ 3 ಮಿ.ಮೀ. ರಂಧ್ರ ಕೊರೆದು, ಉದ್ದಕ್ಕೂ 'ವಿ' ಆಕಾರದ ತೋಡು ತೆಗೆದು, ಇಡೀ ಎರಕವನ್ನು ಕಾಯಿಸಿ, ಕಂಚಿನ ರಾಡಿನಿಂದ ತುಂಬಿ, ಒಣ ಬೂದಿಯಲ್ಲೋ ಸುಣ್ಣದ ಪುಡಿಯಲ್ಲೋ ಹೂತಿಟ್ಟು ಇಡೀ ರಾತ್ರಿ ನಿಧಾನವಾಗಿ ತಣಿಸಿದರೆ ಸಣ್ಣಪುಟ್ಟ ಕೆಲಸಕ್ಕೆ ವರ್ಷಗಟ್ಟಲೆ ಬರುತ್ತದೆ. ಆರ್ಕ್‌ನಲ್ಲಿ ಮಾಡುವುದಾದರೆ ನಿಕ್ಕಲ್ ರಾಡೇ ಬೇಕು. ಒಂದು ಸಲಕ್ಕೆ 25 ಮಿ.ಮೀ.ಗಿಂತ ಉದ್ದ ಎಳೆಯದೆ, ಪ್ರತಿ ತುಂಡನ್ನೂ ಬಿಸಿಯಿರುವಾಗಲೇ ಸುತ್ತಿಗೆಯಿಂದ ತಟ್ಟಿ ಕುಗ್ಗುವ ಎಳೆತವನ್ನು ಇಳಿಸಬೇಕು. ಹಳೇ ವೈಸಿನ ಬೀಡು ದಶಕಗಳ ಎಣ್ಣೆ ಕುಡಿದಿರುತ್ತದೆ. ಮೊದಲು ಕಾಯಿಸಿ ಅದನ್ನು ಸುಡದಿದ್ದರೆ ಬೆಸುಗೆ ಅಂಟುವುದೇ ಇಲ್ಲ. ಬ್ರೇಜಿಂಗಿಗೆ ತೋಡು ತೆಗೆಯುವಾಗ ಕೊನೆಯ ಕೈ ಗ್ರೈಂಡರಿನದಾಗದೆ ಫೈಲಿನದಾಗಿರಲಿ. ಗ್ರೈಂಡರ್ ಗ್ರಾಫೈಟನ್ನು ಮೇಲ್ಮೈಗೆ ಮೆತ್ತುತ್ತದೆ, ಆಗ ಕಂಚು ಹರಡದೆ ಗುಂಡಗೆ ನಿಲ್ಲುತ್ತದೆ. ಇಷ್ಟು ಮಾಡಿದ ವೈಸನ್ನು 'ರಿಪೇರಿಯಾಗಿದೆ' ಎಂದು ಹೇಳಿ, ಅದಕ್ಕೆ ತಕ್ಕ ಬೆಲೆಗೆ ಮಾರಿದರೆ ತಕರಾರಿಲ್ಲ. ಮುಚ್ಚಿ ಮಾರುವುದು ಮೋಸ.

ಮತ್ತೆ ಆ ನಂಬರ್ 5ಕ್ಕೆ ಬರೋಣ, ಅದರ ಕಥೆ ಬಿರುಕಿಗೇ ಮುಗಿಯಲಿಲ್ಲ. ಜಾ ಪ್ಲೇಟ್‌ಗಳ ತುದಿಗೆ ಫೈಲ್ ಹಾಕಿದರೆ ಬೆಣ್ಣೆಯಂತೆ ಕಚ್ಚಿತು. ಹದ ಮಾಡಿದ ಪ್ಲೇಟ್ ಮೇಲೆ ಫೈಲ್ ಜಾರಬೇಕು. ಜಾಮ್ ಆದ ಸ್ಕ್ರೂ ಬಿಚ್ಚಲು ಪ್ಲೇಟ್‌ಗೇ ಗ್ಯಾಸ್ ಕಟರ್ ಹಿಡಿದರೆ ಹದ ಹೋಗುತ್ತದೆ. ಇಲ್ಲವೇ ರಿಸ್ಟೋರ್ ಮಾಡಿದವರು ಹಳೇ ಪ್ಲೇಟ್ ಎಸೆದು ಸಾದಾ ಪಟ್ಟಿ ಕೂರಿಸಿರುತ್ತಾರೆ. ಇದು ಸರಿಪಡಿಸಬಹುದಾದ ದೋಷ: ಓಎಚ್‌ಎನ್‌ಎಸ್ (ಎಣ್ಣೆಯಲ್ಲಿ ಅದ್ದಿ ಹದ ಮಾಡುವ ಟೂಲ್ ಸ್ಟೀಲ್) ಪಟ್ಟಿ ತಂದು, ರಂಧ್ರ ಕೊರೆದು, ಅಡ್ಡಗೆರೆ ಕೊಯ್ದು, 800 ಡಿಗ್ರಿ ಸೆಲ್ಸಿಯಸ್ ಆಸುಪಾಸು ಕಾಯಿಸಿ ಎಣ್ಣೆಯಲ್ಲಿ ಅದ್ದಿ, ಹೊಡೆತ ತಾಳಬೇಕಾದ್ದರಿಂದ 300 ಡಿಗ್ರಿ ಮೇಲೆ ಟೆಂಪರ್ ಮಾಡಿಸಿದರೆ ಮುಗಿಯಿತು. ಹೀಟ್ ಟ್ರೀಟ್‌ಮೆಂಟ್ ಅಂಗಡಿಗೆ ಅದು ನಿತ್ಯದ ಕೆಲಸ.

ಸರಿಪಡಿಸಲು ಕಷ್ಟವಾದದ್ದು ಜಾ ಪ್ಲೇಟ್ ಹಿಡಿದಿಡುವ ಸ್ಕ್ರೂ ರಂಧ್ರ. ಹಳೇ ಇಂಗ್ಲಿಷ್ ವೈಸಿನಲ್ಲಿ ವಿಟ್‌ವರ್ತ್ ಥ್ರೆಡ್, ಅಂದರೆ ಬ್ರಿಟಿಷರ ಹಳೇ ಇಂಚಿನ ಅಳತೆಯದು, ಇರುತ್ತದೆ. 3/8 ಇಂಚಿನ ವಿಟ್‌ವರ್ತ್ ಎಂದರೆ 9.525 ಮಿ.ಮೀ., ಇಂಚಿಗೆ 16 ಥ್ರೆಡ್. ಮೆಟ್ರಿಕ್ ಅಳತೆಯ ಎಂ10 ಎಂದರೆ 10 ಮಿ.ಮೀ., 1.5 ಪಿಚ್, ಅಂದರೆ ಇಂಚಿಗೆ ಸುಮಾರು 17. 'ಹತ್ತಿರ ಇದೆಯಲ್ಲ' ಎಂದು ಎಂ10 ಟ್ಯಾಪ್ (ರಂಧ್ರದೊಳಗೆ ಥ್ರೆಡ್ ಕೊಯ್ಯುವ ಉಪಕರಣ) ಓಡಿಸಿದರೆ ಹಳೇ ಥ್ರೆಡ್ ಮೇಲೆ ಹೊಸದು ಅಡ್ಡಹಾಯ್ದು ಎರಡೂ ಹಾಳು. ಈ ವೈಸಿನಲ್ಲಿ ಆದದ್ದು ಅದೇ, ಪ್ಲೇಟ್ ಎಷ್ಟು ಬಿಗಿದರೂ ಅಲುಗಾಡುತ್ತಿತ್ತು. ಅಮೆರಿಕನ್ ವೈಸಿನ ಇಂಚು ಥ್ರೆಡ್ ಆದ ಯುಎನ್‌ಸಿಗೂ ವಿಟ್‌ವರ್ತ್‌ಗೂ 3/8ರಲ್ಲಿ ಎಣಿಕೆ ಒಂದೇ ಆದರೂ ಕೋನ ಬೇರೆ, 60 ಮತ್ತು 55 ಡಿಗ್ರಿ. 1/2 ಇಂಚಿನಲ್ಲಿ ಎಣಿಕೆಯೂ ಬೇರೆ, 13 ಮತ್ತು 12. ಥ್ರೆಡ್ ಗೇಜ್ ಇಡದೆ ಟ್ಯಾಪ್ ಮುಟ್ಟಬೇಡಿ.

ದೊಡ್ಡ ಸ್ಪಿಂಡಲ್ (ದವಡೆಯನ್ನು ಓಡಿಸುವ ಉದ್ದ ಸ್ಕ್ರೂ) ನೋಡುವಾಗ ಹ್ಯಾಂಡಲ್ ತಿರುಗಿಸಿ ಸುಮ್ಮನಾಗಬೇಡಿ, ಬಿಚ್ಚಿ ನೋಡಿ. ಹೆಚ್ಚು ಕೆಲಸ ನಡೆಯುವುದು ಬಾಯಿ ಸ್ವಲ್ಪ ತೆರೆದಿರುವಾಗ. ಹಾಗಾಗಿ ಸವೆತವೂ ಆ ಭಾಗದಲ್ಲೇ, ಒಳತುದಿಯ ಥ್ರೆಡ್ ಹೊಸದರಂತೆ ಇರುತ್ತದೆ. ಎರಡನ್ನೂ ಹೋಲಿಸಿದರೆ ಎಷ್ಟು ಸವೆದಿದೆ ಎಂದು ಲೆಕ್ಕ ಸಿಗುತ್ತದೆ. ರೆಕಾರ್ಡ್ 23ರಂಥ ಕ್ವಿಕ್ ರಿಲೀಸ್ ವೈಸಿನಲ್ಲಿ ನಟ್ ಸ್ಪಿಂಡಲನ್ನು ಸುತ್ತುವರಿಯದೆ ಒಂದು ಬದಿಯಿಂದ ಮಾತ್ರ ಕಚ್ಚುತ್ತದೆ. ಅದು ಸವೆದರೆ ಜೋರಾಗಿ ಬಿಗಿದಾಗ ಹಲ್ಲು ಜಾರಿ ಬಾಯಿ ತಟ್ಟನೆ ಸಡಿಲವಾಗುತ್ತದೆ, ಸುತ್ತಿಗೆ ಎತ್ತಿದ ಕೈಗೆ ಅಪಾಯ. ಹ್ಯಾಂಡಲ್ ಬಾಗಿದ್ದರೆ ಯಾರೋ ಪೈಪ್ ಹಾಕಿ ಬಿಗಿದಿದ್ದಾರೆ ಎಂದೇ ಅರ್ಥ. ಅಂಥದ್ದರಲ್ಲಿ ಬಿರುಕನ್ನು ಇನ್ನೂ ಶ್ರದ್ಧೆಯಿಂದ ಹುಡುಕಿ. ಹ್ಯಾಂಡಲ್ ಮಾತ್ರ ಹೊಚ್ಚ ಹೊಸದಾಗಿದ್ದರೆ ಇನ್ನಷ್ಟು.

ಹೆಸರನ್ನು ನಂಬಿ ಕೊಳ್ಳುವ ಸಂಗ್ರಾಹಕರು ಗಮನಿಸಬೇಕಾದ್ದು ಬೇರೆ ಇದೆ. ಅಸಲಿ ವೈಸನ್ನೇ ಮಾದರಿಯಾಗಿಟ್ಟು ಮರಳಿನಲ್ಲಿ ಎರಕ ಹೊಯ್ದರೆ ಬೀಡು ತಣಿಯುವಾಗ ಸುಮಾರು ಶೇ. 1ರಷ್ಟು ಕುಗ್ಗುತ್ತದೆ. 300 ಮಿ.ಮೀ. ಇರಬೇಕಾದ ದೇಹ 297 ಬರುತ್ತದೆ, ಅಕ್ಷರಗಳ ಅಂಚು ಮೊಂಡಾಗಿರುತ್ತದೆ. ಮಷೀನ್ ಮಾಡದ ಭಾಗವನ್ನು ಒಂದು ಅಸಲಿಯ ಜೊತೆ ಅಳೆದು ನೋಡಿ. ಅಮೆರಿಕದಲ್ಲಿರುವ ನಮ್ಮವರು ಅಲ್ಲಿನ ವಿಲ್ಟನ್ ಕಂಪನಿಯ ಬುಲೆಟ್ ವೈಸ್ ಹುಡುಕುವಾಗ, ಮಾರುವವರು ಸ್ಲೈಡಿನ ಕೆಳಗಿನ ಕೀ (ಸ್ಲೈಡ್ ತಿರುಗದಂತೆ ತಡೆಯುವ ಪಟ್ಟಿ) ಮೇಲಿನ ತಾರೀಖು ತೋರಿಸಿ ಬೆಲೆ ಏರಿಸುವುದುಂಟು. ಆರಂಭದ ವಿಲ್ಟನ್‌ಗಳಲ್ಲಿ ಅದು ಗ್ಯಾರಂಟಿ ಮುಗಿಯುವ ತಾರೀಖು, ತಯಾರಾದದ್ದು ಅದಕ್ಕೆ ಐದು ವರ್ಷ ಮುಂಚೆ. ಜೊತೆಗೆ ಆ ಕೀ ಬಿಚ್ಚಿ ಬದಲಿಸಬಹುದಾದ ತುಂಡು, ಅದೊಂದರ ಮೇಲೆ ವಯಸ್ಸು ನಿರ್ಧರಿಸಲಾಗದು.

ತುಕ್ಕು ಹಿಡಿದದ್ದನ್ನೇ ತಂದಿರಿ ಎನ್ನಿ. ಅಲ್ಲೂ ಹಾಳು ಮಾಡುವ ದಾರಿಗಳಿವೆ. ಟಾಯ್ಲೆಟ್ ಆಸಿಡ್‌ನಲ್ಲಿ ಮುಳುಗಿಸುವುದು ಅದರಲ್ಲಿ ಮೊದಲನೆಯದು. ಕ್ಲೋರೈಡ್ ಬೀಡಿನ ರಂಧ್ರಗಳಲ್ಲಿ ಉಳಿದು ಬಣ್ಣದಡಿಯೇ ಮತ್ತೆ ತುಕ್ಕು ತರುತ್ತದೆ. ಮಂಗಳೂರು ಕಡೆ ಮೊದಲ ಮಳೆಗಾಲಕ್ಕೇ ಗುಳ್ಳೆ ಏಳುತ್ತವೆ. ನಮ್ಮ ಆಯ್ಕೆ ಎಲೆಕ್ಟ್ರಾಲಿಸಿಸ್: ಪ್ಲಾಸ್ಟಿಕ್ ಡ್ರಮ್, ನಾಲ್ಕು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ, 12 ವೋಲ್ಟ್ ಬ್ಯಾಟರಿ ಚಾರ್ಜರ್. ನೆಗೆಟಿವ್ ವೈಸಿಗೆ, ಪಾಸಿಟಿವ್ ಗುಜರಿ ಕಬ್ಬಿಣದ ತಗಡಿಗೆ. ತಿರುಗಾಮುರುಗಾ ಆದರೆ ವೈಸೇ ಕರಗುತ್ತದೆ. ತಗಡಿನ ಬದಲು ಸ್ಟೇನ್‌ಲೆಸ್ ಸ್ಟೀಲ್ ಬೇಡವೇ ಬೇಡ, ವಿಷಕಾರಿ ಕ್ರೋಮಿಯಂ ನೀರಿಗಿಳಿಯುತ್ತದೆ. ಅಡುಗೆ ಉಪ್ಪು ಹಾಕಿದರೆ ಕ್ಲೋರಿನ್. ಹೊರಬರುವ ಗುಳ್ಳೆ ಹೈಡ್ರೋಜನ್, ಆದ್ದರಿಂದ ಬಯಲಿನಲ್ಲಿಡಿ, ಕ್ಲಿಪ್ ತೆಗೆಯುವ ಮುಂಚೆ ಚಾರ್ಜರ್ ಆಫ್ ಮಾಡಿ. ಹಿತ್ತಾಳೆ, ಅಲ್ಯೂಮಿನಿಯಂ ತುಂಡುಗಳನ್ನೂ ಸ್ಪ್ರಿಂಗನ್ನೂ ಮೊದಲೇ ಬಿಚ್ಚಿಡಿ. ಎಲೆಕ್ಟ್ರಾಲಿಸಿಸ್ ಬದಲು ನಿಂಬೆ ಉಪ್ಪಾದರೆ (ಸಿಟ್ರಿಕ್ ಆಸಿಡ್) ಲೀಟರಿಗೆ 50 ಗ್ರಾಂ, ಮೂರು ನಾಲ್ಕು ಗಂಟೆಗೊಮ್ಮೆ ಎತ್ತಿ ಉಜ್ಜಿ. ಆಮೇಲೆ ಅಡುಗೆ ಸೋಡಾ ನೀರಿನಲ್ಲಿ ತೊಳೆದು, ಬಿಸಿಲಿನಲ್ಲೋ ಹಾಟ್ ಏರ್ ಗನ್ನಿನಲ್ಲೋ ಒಣಗಿಸಿ, ಕೂಡಲೇ ಎಣ್ಣೆ ಸವರಿ.

ಹಳೇ ಬಣ್ಣದಲ್ಲಿ ಸೀಸ ಇರಬಹುದು. ಒಣಗಿದ್ದಂತೆಯೇ ಎಮರಿ ಹಾಕಿ ಪುಡಿ ಎಬ್ಬಿಸಬೇಡಿ, ರಿಮೂವರ್ ಹಚ್ಚಿ ಒದ್ದೆಯಲ್ಲೇ ಕೆರೆಯಿರಿ. ಸ್ಲೈಡ್, ಕಿಂಡಿಯ ಒಳಮೈ, ಸ್ವಿವೆಲ್ (ತಿರುಗುವ) ಬೇಸಿನ ಕೂರುವ ಮುಖ, ಇವಕ್ಕೆ ಬಣ್ಣ ತಾಗಬಾರದು, ಎಣ್ಣೆ ಮಾತ್ರ. ಆ ನಂಬರ್ 5ರಲ್ಲಿ ಅಲ್ಲೂ ಎನಾಮೆಲ್ ಹೊಡೆದಿದ್ದರು. ಅದೊಂದೇ ಸಾಕಿತ್ತು, ಕೆಲಸ ಗೊತ್ತಿಲ್ಲದವರು ಮಾಡಿದ್ದು ಎಂದು ತಿಳಿಯಲು.

ಬೆಂಚಿಗೆ ಕೂರಿಸುವಾಗ ಹಲಗೆ ಸಮತಟ್ಟಾಗಿದೆಯೇ ನೋಡಿ. ಕೆಳಗೆ ಸಂದು ಇದ್ದು ಬೋಲ್ಟ್ ಬಿಗಿದರೆ ಬೇಸಿನ ಕಿವಿ ಮುರಿಯುತ್ತದೆ. ಸ್ಥಿರ ದವಡೆಯ ಮುಖ ಬೆಂಚಿನ ಅಂಚಿಗಿಂತ ಸ್ವಲ್ಪ ಮುಂದಿರಲಿ, ಉದ್ದ ಸರಳು ನೇರ ಕೆಳಗಿಳಿಯುತ್ತದೆ. ಒಂದೇ ಮೂಲೆಯಲ್ಲಿ ಸಾಮಾನು ಕಚ್ಚಿಸಬೇಕಾದರೆ ಇನ್ನೊಂದು ಮೂಲೆಗೆ ಅಷ್ಟೇ ದಪ್ಪದ ತುಂಡು ಕೊಡಿ, ಇಲ್ಲದಿದ್ದರೆ ದವಡೆ ತಿರುಚಿಕೊಳ್ಳುತ್ತದೆ.

ಬಿರುಕು ಬಿಟ್ಟ ವೈಸ್ ಈಗಾಗಲೇ ಮನೆಗೆ ಬಂದಿದ್ದರೆ ಸ್ಪಿಂಡಲ್, ನಟ್, ಸ್ವಿವೆಲ್ ಬೇಸ್, ಬೋಲ್ಟ್‌ಗಳನ್ನು ಬಿಚ್ಚಿಟ್ಟುಕೊಳ್ಳಿ. ಅದೇ ನಂಬರಿನ ಇನ್ನೊಂದು ವೈಸ್ ಇರುವವರು ಅವನ್ನೇ ಹುಡುಕುತ್ತಿರುತ್ತಾರೆ. ದೇಹವನ್ನು ತೂಕಕ್ಕೆ ಹಾಕುವ ಮುಂಚೆ ದೊಡ್ಡ ಸುತ್ತಿಗೆಯಿಂದ ಬಿರುಕಿನ ಜಾಗದಲ್ಲಿ ಪೂರ್ತಿ ಒಡೆದುಹಾಕಿ. ಇಡಿಯಾಗಿ ಕೊಟ್ಟರೆ ಅದು ಮತ್ತೆ ಪುಟ್ಟಿ, ನೀಲಿ ಬಣ್ಣ ಹಾಕಿಸಿಕೊಂಡು ಇನ್ನೊಬ್ಬರ ಬೆಂಚಿಗೆ ಹೋಗುತ್ತದೆ.