ಪಾಡ್ಸ್ ಬಾಟಲಿಯನ್ನು ಹಾಗೇ ಟ್ಯಾಂಕಿಗೆ ಸುರಿಯಬೇಡಿ

ಚಿಕ್ಕ ಉಪ್ಪುನೀರಿನ ಟ್ಯಾಂಕ್ ಇಟ್ಟುಕೊಂಡು, ಅದಕ್ಕೆ ಕೋಪೆಪಾಡ್ (ಚುಕ್ಕೆಯಷ್ಟು ಸಣ್ಣ ನೀರಿನ ಜೀವಿಗಳು, ಚಿಕ್ಕದಾಗಿ ಪಾಡ್ಸ್) ಬಿಡೋಣ ಅಂದುಕೊಂಡಿದ್ದೀರಾ? ಬಾಟಲಿಯ ಮುಚ್ಚಳ ತೆಗೆಯುವ ಮೊದಲು ಇದನ್ನು ಓದಿ. ಎರಡು ವರ್ಷ ಸಾಕಿದ ಕ್ಲೀನರ್ ಸೀಗಡಿಯನ್ನು ನಾನು ಒಂದೇ ರಾತ್ರಿಯಲ್ಲಿ ಕಳೆದುಕೊಂಡೆ. ಕೋಪೆಪಾಡ್‌ಗಳದ್ದೇನೂ ತಪ್ಪಿಲ್ಲ, ಪಾಪ. ತಪ್ಪೆಲ್ಲ ಆ ಬಾಟಲಿಯ ನೀರಿನದು, ಅದಕ್ಕಿಂತ ಜಾಸ್ತಿ ನನ್ನದು.

ನನ್ನದು 35 ಲೀಟರಿನ ಟ್ಯಾಂಕ್. ಒಂದು ಕ್ಲೌನ್ ಮೀನು, ಆ ಸೀಗಡಿ, ನಾಲ್ಕೈದು ಕೋರಲ್ (ಹವಳ). ಗಾಜಿನ ಮೇಲೆ ಕಂದು ಪಾಚಿ ಕಟ್ಟುತ್ತಿತ್ತು, ಪಾಡ್ಸ್ ಅದನ್ನು ಮೇಯುತ್ತವೆ ಅಂತ ಗೊತ್ತಿತ್ತು. ಮುಂದೆ ಒಂದು ಮ್ಯಾಂಡರಿನ್ ಮೀನು ತರುವ ಆಸೆಯೂ ಒಳಗೊಳಗೇ ಇತ್ತು. (ಆ ಆಸೆ ಈಗ ಬಿಟ್ಟಿದ್ದೇನೆ. ಅದು ಬೆಳಗಿನಿಂದ ಸಂಜೆವರೆಗೆ ಪಾಡ್ಸ್ ಹೆಕ್ಕುತ್ತಲೇ ಇರುವ ಮೀನು. ಇಷ್ಟು ಸಣ್ಣ ಟ್ಯಾಂಕನ್ನು ಕೆಲವೇ ವಾರದಲ್ಲಿ ಖಾಲಿ ಮಾಡಿ, ಆಮೇಲೆ ಹಸಿವಿನಿಂದ ಸೊರಗುತ್ತದೆ.)

ಅರ್ಧ ಲೀಟರ್ ಪಾಡ್ಸ್, ಜೊತೆಗೆ ಅವುಗಳ ಊಟಕ್ಕೆ ಒಂದು ಬಾಟಲಿ ಹಸಿರು ಫೈಟೋ, ಅಂದರೆ ನೀರಿನಲ್ಲಿ ತೇಲುವ ಸೂಕ್ಷ್ಮ ಪಾಚಿ, ತರಿಸಿದೆ. ಪಾರ್ಸೆಲ್ ಮೂರು ದಿನ ತಡವಾಗಿ ಬಂತು. ಮುಟ್ಟಿದರೆ ಬಾಟಲಿ ಬೆಚ್ಚಗಿತ್ತು. ಬೆಳಕಿಗೆ ಹಿಡಿದಾಗ ಕೆಲವು ಕೆಂಪು ಚುಕ್ಕೆಗಳು ಜಿಗಿಯುತ್ತಿದ್ದವು, ಅಷ್ಟಕ್ಕೇ ಖುಷಿಯಾಗಿಬಿಟ್ಟೆ. ತಳದಲ್ಲಿ ಬೆರಳಿನಷ್ಟು ದಪ್ಪ ಬೂದು ಕೆಸರು ಕೂತಿದ್ದನ್ನು ನೋಡಿಯೂ ನೋಡದ ಹಾಗೆ ಇದ್ದೆ. ಅದು ಕೆಸರಲ್ಲ, ಸತ್ತ ಪಾಡ್ಸ್. ಮುಚ್ಚಳ ತೆಗೆದಾಗ ಕೊಳೆತ ಮೊಟ್ಟೆಯಂಥ ವಾಸನೆ ಬಂತು. ಸಮುದ್ರದ ಜೀವಿ ಅಲ್ವಾ, ಹಾಗೇ ಇರುತ್ತೆ ಅಂದುಕೊಂಡೆ!

ಸಂಜೆ ಲೈಟ್ ಉರಿಯುತ್ತಿರುವಾಗಲೇ ಎಲ್ಲವನ್ನೂ ಸುರಿದೆ. ತಳದಲ್ಲಿ ಉಳಿದದ್ದನ್ನು ಟ್ಯಾಂಕಿನ ನೀರಿನಲ್ಲೇ ತೊಳೆದು ಅದನ್ನೂ ಹಾಕಿದೆ, ಒಂದೂ ಹಾಳಾಗಬಾರದಲ್ಲ. ಕ್ಲೌನ್ ಮೀನಿಗೆ ಹಬ್ಬ. ತೇಲುತ್ತಿದ್ದ ಕೆಂಪು ಪಾಡ್ಸ್ ಎಲ್ಲಾ ಹತ್ತು ನಿಮಿಷದಲ್ಲಿ ಅದರ ಹೊಟ್ಟೆ ಸೇರಿದವು. ಉಳಿದವಾದರೂ ಚೆನ್ನಾಗಿ ತಿನ್ನಲಿ ಅಂತ ನೀರು ತೆಳು ಹಸಿರಾಗುವಷ್ಟು ಫೈಟೋ ಬಿಟ್ಟೆ. ಪಾಡ್ಸ್ ಎಳೆದುಕೊಳ್ಳದಿರಲಿ ಅಂತ ಪಂಪ್, ಫಿಲ್ಟರ್ ಎರಡನ್ನೂ ಆಫ್ ಮಾಡಿದೆ. ಒಂದು ಗಂಟೆ ಬಿಟ್ಟು ಆನ್ ಮಾಡಬೇಕಿತ್ತು. ಊಟ ಮಾಡಿ ಮಲಗಿಬಿಟ್ಟೆ.

ಬೆಳಿಗ್ಗೆ ನೀರು ಗಂಜಿಯ ಹಾಗಿತ್ತು. ಕ್ಲೌನ್ ಮೀನು ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿತ್ತು. ಕಲ್ಲಿನ ಹಿಂದೆ ಸೀಗಡಿ ಮಗುಚಿ ಬಿದ್ದಿತ್ತು. ಪೊರೆ ಕಳಚಿರಬೇಕು ಅಂತ ಒಂದು ಕ್ಷಣ ಸಮಾಧಾನ ಮಾಡಿಕೊಂಡೆ. ಆದರೆ ಪೊರೆ ಟೊಳ್ಳಾಗಿರುತ್ತದೆ, ಆಚೆ ಕಡೆ ಕಾಣುತ್ತದೆ. ಇದು ಬೇಯಿಸಿದ ಸೀಗಡಿಯ ಹಾಗೆ ಮಾಸಲು ಗುಲಾಬಿಯಾಗಿತ್ತು. ಅಮೋನಿಯಾ ಟೆಸ್ಟ್ ಮಾಡಿದೆ. ಹಳದಿಯಾಗೇ ಇರಬೇಕಾದ ನೀರು ಹಸಿರಿಗೆ ತಿರುಗಿತು.

ಅದೃಷ್ಟಕ್ಕೆ ಬಕೆಟ್‌ನಲ್ಲಿ ಉಪ್ಪು ಬೆರೆಸಿಟ್ಟ ನೀರಿತ್ತು. ಹತ್ತು ಲೀಟರ್ ಬದಲಿಸಿ, ಪಂಪ್ ಮತ್ತು ಏರ್‌ಸ್ಟೋನ್ (ನೀರಿಗೆ ಗಾಳಿಗುಳ್ಳೆ ಬಿಡುವ ಕಲ್ಲು) ಹಾಕಿದೆ. ಮರುದಿನ ಮತ್ತೆ ಹತ್ತು ಲೀಟರ್. ಮೀನು ಬದುಕಿತು.

ಆದದ್ದು ಇಷ್ಟು. ಸತ್ತ ಪಾಡ್ಸ್ ಕೊಳೆತು ಬಾಟಲಿಯ ನೀರಿನಲ್ಲಿ ಆಗಲೇ ಅಮೋನಿಯಾ ಇತ್ತು. ಉಪ್ಪುನೀರಿನ ಟ್ಯಾಂಕಿನ ಪಿಎಚ್ 8.2ರ ಆಸುಪಾಸು ಇರುವುದರಿಂದ ಅಲ್ಲಿ ಅಮೋನಿಯಾ ಇನ್ನೂ ವಿಷ. ಸತ್ತ ಪಾಡ್ಸ್, ಜಾಸ್ತಿಯಾದ ಫೈಟೋ ಎರಡನ್ನೂ ತಿಂದು ಬ್ಯಾಕ್ಟೀರಿಯಾ ಬೆಳೆದು ಆಮ್ಲಜನಕ ಎಳೆದುಕೊಂಡವು. ಕತ್ತಲಲ್ಲಿ ಪಾಚಿ, ಕೋರಲ್ ಕೂಡ ಆಮ್ಲಜನಕವನ್ನು ಬಳಸುತ್ತವೆಯೇ ಹೊರತು ಕೊಡುವುದಿಲ್ಲ. ನೀರನ್ನು ಕಲಕಬೇಕಿದ್ದ ಪಂಪ್ ಆಫ್. ದೊಡ್ಡ ಟ್ಯಾಂಕ್ ಆಗಿದ್ದರೆ ತಡೆದುಕೊಳ್ಳುತ್ತಿತ್ತೇನೋ, 35 ಲೀಟರ್ ತಡೆಯಲಿಲ್ಲ.

ಆರು ವಾರ ಬಿಟ್ಟು ಇನ್ನೊಂದು ಬಾಟಲಿ ತರಿಸಿದೆ. ಈ ಸಲ ಕಲ್ಲಿನ ಸಂದಿಯಲ್ಲೇ ಹರಿದಾಡುವ ಟಿಸ್ಬೆ ಜಾತಿ. ಹಿಂದಿನ ಸಲದ ಕೆಂಪಗಿನವು ಟಿಗ್ರಿಯೋಪಸ್ ಜಾತಿ, ಮೀನಿನ ಕಣ್ಣಿಗೆ ಬೇಗ ಬೀಳುತ್ತವೆ. ಮೊದಲು ಮೂಸಿ ನೋಡಿದೆ. ಸ್ವಲ್ಪ ಹೊತ್ತು ಅಲುಗಾಡಿಸದೆ ಇಟ್ಟು, ತಳ ಬಿಟ್ಟು ಮೇಲಿನದನ್ನಷ್ಟೇ 50 ಮೈಕ್ರಾನ್ ಜಾಲರಿಯಲ್ಲಿ ಸೋಸಿದೆ. ಬಾಟಲಿಯ ನೀರು ಸಿಂಕಿಗೆ ಹೋಯಿತು. ಜಾಲರಿಯಲ್ಲಿ ಉಳಿದ ಪಾಡ್ಸ್ ಅನ್ನು ಒಂದು ಲೋಟ ಟ್ಯಾಂಕ್ ನೀರಿಗೆ ಹಾಕಿ, ಲೈಟ್ ಆರಿದ ಮೇಲೆ ಪಿಪೆಟ್‌ನಿಂದ ಕಲ್ಲಿನ ಸಂದಿಗೆ ಬಿಟ್ಟೆ. ಅರ್ಧವನ್ನು ಆವತ್ತು, ಉಳಿದರ್ಧವನ್ನು ಮರುದಿನ. ಫೈಟೋ ಬರೀ ಕೆಲವು ಹನಿ. ಫಿಲ್ಟರಿನ ಫ್ಲಾಸ್ (ಕಸ ಹಿಡಿಯುವ ಹತ್ತಿಯಂಥ ಪದರ) ಮಾತ್ರ ತೆಗೆದಿಟ್ಟು, ಪಂಪ್ ಒಂದು ಗಂಟೆ ಆಫ್ ಮಾಡಿದೆ. ಮೊಬೈಲಿನಲ್ಲಿ ಅಲಾರಂ ಇಟ್ಟು.

ಈಗ ರಾತ್ರಿ ಟಾರ್ಚ್ ಹಿಡಿದರೆ ಗಾಜಿನ ಮೇಲೆ ಬಿಳಿ ಚುಕ್ಕೆಗಳು ಗುಳುಗುಳು ಓಡಾಡುತ್ತವೆ. ಸೀಗಡಿ ಇನ್ನೂ ತಂದಿಲ್ಲ.