‘ದಿ ಹಿಂದೂ’ ಪತ್ರಿಕೆಯ ಕ್ರಿಪ್ಟಿಕ್ ಪದಬಂಧ

‘ದಿ ಹಿಂದೂ’ ಇಂಗ್ಲಿಷ್ ಪತ್ರಿಕೆಯ ಕ್ರಿಪ್ಟಿಕ್ ಪದಬಂಧವನ್ನು, ಅಂದರೆ ಸುಳಿವುಗಳೇ ಒಗಟಿನಂತಿರುವ ಪದಬಂಧವನ್ನು, ನಾನು ಮೆಚ್ಚುವುದಕ್ಕೆ ಮುಖ್ಯ ಕಾರಣವೆಂದರೆ, ಅದರೊಂದಿಗೆ ರಚನಕಾರರ ಗುಪ್ತನಾಮವೂ ಅಚ್ಚಾಗುತ್ತದೆ. ಗ್ರಿಡ್‌ಮನ್, ಆರ್ಡೆನ್ ಮುಂತಾದವರ ಪದಬಂಧಗಳನ್ನು ಬಿಡಿಸುತ್ತ ಹೋದಂತೆ ಯಾರ ಯೋಚನೆ ಯಾವ ಜಾಡಿನಲ್ಲಿ ಸಾಗುತ್ತದೆಂಬುದು ನಿಧಾನವಾಗಿ ತಿಳಿಯತೊಡಗುತ್ತದೆ. ಸಾಮಾನ್ಯವಾಗಿ ಸುಳಿವಿನ ಆರಂಭದಲ್ಲೋ ಕೊನೆಯಲ್ಲೋ ಉತ್ತರದ ನೇರ ಅರ್ಥವಿರುತ್ತದೆ, ಉಳಿದದ್ದು ಅಕ್ಷರಗಳನ್ನು ಕೂಡಿಸುವ, ಕಲಸುವ ಅಥವಾ ಅಡಗಿಸುವ ಸೂಚನೆ. ‘ಬ್ರೋಕನ್’ ಕಂಡರೆ ಪಕ್ಕದ ಪದದ ಅಕ್ಷರಗಳನ್ನು ಅದಲುಬದಲು ಮಾಡಿ ನೋಡಬೇಕು. ‘ಫ್ಲವರ್’ ಎಂದಿದ್ದರೆ ಅದು ಹೂವಾಗಿರದೆ, ‘ಫ್ಲೋ’ ಆಗುವ, ಅಂದರೆ ಹರಿಯುವ ನದಿಯಾಗಿರಬಹುದು. ಹೀಗೆ ದಾರಿ ತಪ್ಪಿಸಿಯೂ ಓದುಗರಿಗೆ ಅನ್ಯಾಯ ಮಾಡದಿರುವುದು ನಿಜಕ್ಕೂ ದೊಡ್ಡ ವಿದ್ಯೆ. ಹೊಸಬರಿಗೆ ಇದು ಸುಲಭವಲ್ಲ. ಅವರು ಮೊದಲು ಪ್ರಕಟಿತ ಉತ್ತರವನ್ನು ಮುಂದಿಟ್ಟುಕೊಂಡು, ಸುಳಿವಿನ ಪ್ರತಿಯೊಂದು ಪದವೂ ಅಲ್ಲಿ ಏಕಿದೆ ಎಂದು ಬಿಡಿಸಿ ನೋಡುವುದು ಒಳ್ಳೆಯದು.